ಆರು ತಿಂಗಳ ಗಡುವು, ಮೂರು ದಿನದ ಪೀಪಾಯಿ

ಶುಕ್ರವಾರ ಸಂಜೆ ಐದಕ್ಕೆ ಪಬ್ಬಿನ ಬಾಗಿಲು ತೆರೆಯಬೇಕಿದ್ದರೆ ಬಿಯರಿನ ಪೀಪಾಯಿಗಳು ಮಂಗಳವಾರವೇ ನೆಲಮಾಳಿಗೆಗೆ ಇಳಿದಿರಬೇಕು. ಮುಚ್ಚಿದ್ದ ಪಬ್ಬನ್ನು ಊರವರೇ ಸೇರಿ ಕೊಂಡಿದ್ದ ಇಂಗ್ಲೆಂಡಿನ ನಮ್ಮ ಹಳ್ಳಿಯಲ್ಲಿ ಆ ಮಂಗಳವಾರ ಬೆಳಿಗ್ಗೆ ಮೇಲೆ ಬಾಗಿಲಿಗೆ ಕೊನೆಯ ಕೈ ಬಣ್ಣ ಬೀಳುತ್ತಿತ್ತು. ಕೆಳಗೆ ಇಬ್ಬರು ಥರ್ಮಾಮೀಟರ್ ನೋಡುತ್ತಾ ನಿಂತಿದ್ದರು. ಅದು 12 ಡಿಗ್ರಿ ತೋರಿಸುತ್ತಿತ್ತು. 11ರಿಂದ 13 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಸರಿ. ಅದಕ್ಕಿಂತ ಬೆಚ್ಚಗಾದರೆ ಬಿಯರು ಬೇಗ ಹುಳಿಯಾಗುತ್ತದೆ, ತೀರಾ ತಣ್ಣಗಾದರೆ ಮಬ್ಬು ಕವಿಯುತ್ತದೆ. ತಿಂಗಳುಗಟ್ಟಲೆ ಮುಚ್ಚಿದ್ದ ನೆಲಮಾಳಿಗೆಯ ಗೋಡೆಗಳು ತಣ್ಣಗಾಗಲು ಹೊತ್ತು ಬೇಕು. ಹಾಗಾಗಿ ಕೂಲರನ್ನು ಪೀಪಾಯಿ ಬಂದ ಮೇಲಲ್ಲ, ಒಂದೆರಡು ದಿನ ಮೊದಲೇ ಓಡಿಸಬೇಕು.

ಬೆಂಗಳೂರಿನಲ್ಲಿ ಪಬ್ ಎಂದರೆ ಕಣ್ಣಿಗೆ ಬರುವ ಚಿತ್ರವೇ ಬೇರೆ. ಇಂಗ್ಲೆಂಡಿನ ಹಳ್ಳಿಯಲ್ಲಿ ಅಂಗಡಿ ಹೋಗಿ, ಅಂಚೆ ಕಚೇರಿ ಹೋಗಿ, ಬಸ್ಸು ದಿನಕ್ಕೆರಡು ಸಲಕ್ಕೆ ಇಳಿದ ಮೇಲೆ ನಾಲ್ಕು ಜನ ಒಂದೆಡೆ ಕೂರಲು ಉಳಿಯುವ ಚಾವಣಿ ಅದೊಂದೇ. ಕುಡಿಯದವರೂ ಅಲ್ಲಿಗೆ ಹೋಗುತ್ತಾರೆ. ಹಾಗಾಗಿಯೇ ಅದು ಮುಚ್ಚಿದಾಗ ಊರು ಗಾಬರಿಯಾಗುತ್ತದೆ, ಗಾಬರಿಯಲ್ಲಿ ಮೊದಲು ದುಡ್ಡಿನ ಮಾತಾಡುತ್ತದೆ. ನಾನು ಕಂಡಂತೆ ಪಬ್ಬುಗಳು ಕೈತಪ್ಪುವುದು ದುಡ್ಡಿಲ್ಲದೆ ಅಲ್ಲ, ಕಾಗದ ತಡವಾಗಿ.

ಕಾಗದದ ವಿಷಯ ಹೀಗೆ. 2011ರ ಲೋಕಲಿಸಂ ಕಾಯ್ದೆಯ ಪ್ರಕಾರ ಊರಿಗೆ ಬೇಕಾದ ಕಟ್ಟಡವನ್ನು ‘ಸಮುದಾಯ ಮೌಲ್ಯದ ಆಸ್ತಿ’ ಎಂದು ಊರಿನ ಮೇಲಿನ ಹಂತದ ಕೌನ್ಸಿಲಿನ (ಸ್ಥಳೀಯ ಆಡಳಿತ) ಪಟ್ಟಿಗೆ ಸೇರಿಸಬಹುದು. ನಮ್ಮ ಗ್ರಾಮ ಪಂಚಾಯಿತಿಯಂಥ ಪ್ಯಾರಿಷ್ ಕೌನ್ಸಿಲ್ ಅರ್ಜಿ ಹಾಕಬಹುದು, ಇಲ್ಲವೇ ಸ್ಥಳೀಯ ಮತದಾರರು 21 ಮಂದಿ ಸೇರಿದರೂ ಸಾಕು. ಕೌನ್ಸಿಲ್ 8 ವಾರದೊಳಗೆ ತೀರ್ಮಾನಿಸಬೇಕು. ಸೇರಿದ ಹೆಸರು 5 ವರ್ಷ ಉಳಿಯುತ್ತದೆ, ಆಮೇಲೆ ಮತ್ತೆ ಅರ್ಜಿ. ಪಟ್ಟಿಯಲ್ಲಿರುವ ಪಬ್ಬನ್ನು ಮಾರಲು ಹೊರಟ ಮಾಲೀಕ ಕೌನ್ಸಿಲಿಗೆ ತಿಳಿಸಬೇಕು. ತಿಳಿಸಿದ ದಿನದಿಂದ 6 ವಾರದೊಳಗೆ ಊರಿನ ಕಡೆಯಿಂದ ‘ನಾವೂ ಕೊಳ್ಳಲು ನೋಡುತ್ತೇವೆ’ ಎಂದು ಒಂದು ಪತ್ರ ಹೋದರೆ ಮಾರಾಟದ ಮೇಲಿನ ತಡೆ ಒಟ್ಟು 6 ತಿಂಗಳಿಗೆ ಏರುತ್ತದೆ. ಆ ಪತ್ರಕ್ಕೆ ಒಂದು ಪೌಂಡೂ ಬೇಕಿಲ್ಲ.

ಆದರೆ ಇಲ್ಲೇ ಎಡವುವುದು. ಪಟ್ಟಿಗೆ ಸೇರಿಸಿದ 21 ಮಂದಿಯ ಬಿಡಿ ಗುಂಪು ಆ ಎರಡನೇ ಪತ್ರ ಬರೆಯುವಂತಿಲ್ಲ. ಅದಕ್ಕೆ ನೋಂದಾಯಿತ ಸಂಸ್ಥೆಯಾಗಲಿ ಪ್ಯಾರಿಷ್ ಕೌನ್ಸಿಲ್ ಆಗಲಿ ಬೇಕು. ಆರು ವಾರದಲ್ಲಿ ಸಂಘ ಕಟ್ಟಿ, ನಿಯಮಾವಳಿ ಬರೆದು, ನೋಂದಾಯಿಸುವುದು ಉಸಿರು ಕಟ್ಟಿಸುವ ಕೆಲಸ. ‘ಮಾರಾಟಕ್ಕಿದೆ’ ಎಂಬ ಫಲಕ ಬೀಳುವ ಮೊದಲೇ ಸಂಘ ಸಿದ್ಧವಿರಲಿ, ಅಥವಾ ಪ್ಯಾರಿಷ್ ಕೌನ್ಸಿಲಿನ ಗುಮಾಸ್ತರನ್ನು ಮೊದಲೇ ಒಪ್ಪಿಸಿಟ್ಟುಕೊಳ್ಳಿ. ಇನ್ನೆರಡು ಸಂಗತಿ ಮರೆಯಬಾರದು: ಆರು ತಿಂಗಳು ಮುಗಿದ ಮೇಲೆ ಮಾಲೀಕ ಊರಿಗೇ ಮಾರಬೇಕೆಂದಿಲ್ಲ. ಮತ್ತು ನಡೆಯುತ್ತಿರುವ ವ್ಯಾಪಾರದ ಸಮೇತ ಪಬ್ಬನ್ನು ಪಬ್ಬಾಗಿಯೇ ಮಾರಿದರೆ ಈ ತಡೆಯೇ ಅನ್ವಯಿಸುವುದಿಲ್ಲ. 2017ರ ಮೇ ತಿಂಗಳಿಂದ ಇಂಗ್ಲೆಂಡಿನಲ್ಲಿ ಪಬ್ಬನ್ನು ಕೆಡವಲು ಅಥವಾ ಬೇರೆ ಬಳಕೆಗೆ ತಿರುಗಿಸಲು ಯೋಜನಾ ಅನುಮತಿ ಬೇಕಾಗಿರುವುದು ಎರಡನೇ ಬೇಲಿ. ಬೆಲೆಯ ಮಾತುಕತೆಯಲ್ಲಿ ಇದು ಊರಿನ ಕಡೆ ತೂಗುತ್ತದೆ.

ಈ ದಾರಿ ತುಳಿದವರು ಈಗಾಗಲೇ ಇದ್ದಾರೆ. ವೇಲ್ಸ್‌ನ ಲಿಥ್ವೈನ್ ಹಳ್ಳಿಯವರು 1988ರಲ್ಲೇ ತಮ್ಮ ಪಬ್ಬನ್ನು ಕೈಗೆ ತೆಗೆದುಕೊಂಡರು. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್‌ನ ಓಲ್ಡ್ ಕ್ರೌನ್ 2003ರಲ್ಲಿ ಸಹಕಾರಿ ಪಬ್ಬಾಯಿತು. ಲಂಡನ್ನಿನ ನನ್‌ಹೆಡ್‌ನ ಐವಿ ಹೌಸ್ ಈ ಪಟ್ಟಿ ಸೇರಿದ ಮೊದಲ ಪಬ್. 2013ರಲ್ಲಿ ಅದನ್ನು ಕೊಂಡ ಸಂಘಕ್ಕೆ 371 ಷೇರುದಾರರು ಸೇರಿದರು.

ಸಂಘವೆಂದರೆ 2014ರ ಸಹಕಾರಿ ಕಾಯ್ದೆಯಡಿ ನೋಂದಾಯಿಸಿದ ಸಮುದಾಯ ಹಿತ ಸಂಘ. ಊರೇ ನಡೆಸುವ ಪಬ್ಬು, ಅಂಗಡಿಗಳಿಗೆ ನೆರವಾಗುವ ಪ್ಲಂಕೆಟ್ ಸಂಸ್ಥೆ ಸಿದ್ಧ ನಿಯಮಾವಳಿ ಕೊಡುತ್ತದೆ, ನಾವೇ ಕೂತು ಬರೆಯುವುದಕ್ಕಿಂತ ಅದು ಎಷ್ಟೋ ವಾಸಿ. ಷೇರಿನ ಸ್ವಭಾವವನ್ನು ಮೊದಲ ಸಭೆಯಲ್ಲೇ ಬಿಡಿಸಿ ಹೇಳಬೇಕು. ಐವತ್ತು ಪೌಂಡ್ ಹಾಕಿದವರಿಗೂ ಐವತ್ತು ಸಾವಿರ ಹಾಕಿದವರಿಗೂ ಒಂದೇ ಮತ. ಷೇರಿನ ಬೆಲೆ ಎಂದೂ ಏರುವುದಿಲ್ಲ, ಇಳಿಯಬಹುದು. ಹಿಂದಕ್ಕೆ ಪಡೆಯುವುದು ಮೊದಲ ಕೆಲವು ವರ್ಷ ಆಗದು, ಆಮೇಲೂ ಆಡಳಿತ ಮಂಡಳಿ ಒಪ್ಪಿದರೆ ಮಾತ್ರ. ಇದನ್ನು ಮುಚ್ಚಿಟ್ಟರೆ ಎರಡನೇ ವರ್ಷ ಮನಸ್ತಾಪ ಖಂಡಿತ. ಸಭೆಯಲ್ಲಿ ಕೈಯೆತ್ತಿ ‘ನಾನು ಸಾವಿರ ಕೊಡುತ್ತೇನೆ’ ಎಂದವರೆಲ್ಲ ಚೆಕ್ ಬರೆಯುವುದಿಲ್ಲ. ಬ್ಯಾಂಕಿಗೆ ಬಂದದ್ದಷ್ಟೇ ಲೆಕ್ಕ, ಮಾತು ಕೊಟ್ಟದ್ದಲ್ಲ.

ಗುರಿಯ ಮೊತ್ತ ಹಾಕುವಾಗ ಬೆಲೆಯೊಂದನ್ನೇ ಬರೆಯುವುದು ದೊಡ್ಡ ತಪ್ಪು. 3 ಲಕ್ಷ ಪೌಂಡಿನ ಪಬ್ ಎಂದುಕೊಳ್ಳಿ. ಮೊದಲ ಒಂದೂವರೆ ಲಕ್ಷಕ್ಕೆ ಮುದ್ರಾಂಕ ಶುಲ್ಕವಿಲ್ಲ, ಮುಂದಿನ ಒಂದು ಲಕ್ಷಕ್ಕೆ ಶೇ. 2, ಉಳಿದದ್ದಕ್ಕೆ ಶೇ. 5: ಒಟ್ಟು 4,500 ಪೌಂಡ್. ಮಾರುವವರು ಕಟ್ಟಡವನ್ನು ವ್ಯಾಟ್ ವ್ಯಾಪ್ತಿಗೆ ತಂದಿದ್ದರೆ ಆ ತೆರಿಗೆಯೂ ಮೇಲೆ ಸೇರುತ್ತದೆ. ವಕೀಲರು, ಮೌಲ್ಯಮಾಪನ, ಸರ್ವೆ, ರಿಪೇರಿ, ಮೊದಲ ದಾಸ್ತಾನು, ವ್ಯಾಪಾರ ನೆಲೆಗೊಳ್ಳುವವರೆಗಿನ ಸಂಬಳ, ಇವೆಲ್ಲ ಅದರ ಮೇಲೆ. ಕೊಂಡ ದಿನ ಖಜಾನೆ ಖಾಲಿಯಾದ ಪಬ್ ಮೊದಲ ಚಳಿಗಾಲ ದಾಟುವುದು ಕಷ್ಟ.

ಕಟ್ಟಡದ ಕೀಲಿ ಕೈಗೆ ಬಂದ ಮೇಲೆ ಶನಿವಾರದ ಶ್ರಮದಾನ ಶುರುವಾಗುತ್ತದೆ. ಬ್ರಷ್ಷು, ಬಕೆಟ್ಟು ಹಿಡಿದು ನಲವತ್ತು ಜನ ಬರುತ್ತಾರೆ. ಮೊದಲ ದಿನ ಅವರನ್ನು ಒಳಗೆ ಬಿಡಬಾರದು. ಕಲ್ನಾರಿನ ತಪಾಸಣೆ ಮತ್ತು ವಿದ್ಯುತ್ ಪರೀಕ್ಷೆ ಆಗದ ಗೋಡೆಗೆ ಯಾರೂ ಉಳಿ ಇಡಬಾರದು. ಸ್ವಯಂಸೇವಕರನ್ನೂ ಒಳಗೊಂಡ ವಿಮೆ ಅಂದೇ ಜಾರಿಯಲ್ಲಿರಬೇಕು. ಹಳೆಯ ಕಲ್ಲುಗೋಡೆ ಒದ್ದೆಯಾಗಿದೆ ಎಂದು ಉತ್ಸಾಹದಿಂದ ಸಿಮೆಂಟ್ ಮೆತ್ತಿದರೆ ನೀರು ಒಳಗೇ ಸಿಕ್ಕಿಕೊಂಡು ಮತ್ತೊಂದು ಕಡೆ ಹೊಮ್ಮುತ್ತದೆ. ಅಲ್ಲಿ ಸುಣ್ಣದ ಗಾರೆಯೇ ಆಗಬೇಕು, ಅದು ಉಸಿರಾಡುತ್ತದೆ. ನಿಂತ ನೀರಿನ ಪೈಪುಗಳಲ್ಲಿ ಶ್ವಾಸಕೋಶಕ್ಕೆ ರೋಗ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆದಿರಬಹುದು: ಪ್ರತಿ ನಲ್ಲಿಯನ್ನೂ ಹನಿ ಸಿಡಿಯದಂತೆ ನಿಧಾನ ತೆರೆದು ಹರಿಸಬೇಕು, ಬಿಸಿನೀರಿನ ಟ್ಯಾಂಕು 60 ಡಿಗ್ರಿಗಿಂತ ಕೆಳಗಿಳಿಯಬಾರದು. ಒಳಚರಂಡಿ ಇಲ್ಲದ ಊರಾದರೆ ಸೆಪ್ಟಿಕ್ ಟ್ಯಾಂಕಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೊಳ್ಳುವ ಮೊದಲೇ ಕೇಳಬೇಕು. 2020ರಿಂದ ಅದನ್ನು ನೇರ ಹಳ್ಳಕ್ಕೆ ಬಿಡುವಂತಿಲ್ಲ, ಹೊಸ ಶುದ್ಧೀಕರಣ ಘಟಕ ಸಣ್ಣ ಖರ್ಚಲ್ಲ.

ನಮ್ಮನ್ನು ನಿಜಕ್ಕೂ ನಿಲ್ಲಿಸಿದ್ದು ಮದ್ಯದ ಪರವಾನಗಿ. ಹಿಂದಿನ ಪರವಾನಗಿ ಒಂದು ಕಂಪನಿಯ ಹೆಸರಲ್ಲಿತ್ತು, ಕಂಪನಿ ದಿವಾಳಿಯಾಗಿತ್ತು. ಹಾಗಾದಾಗ ಪರವಾನಗಿ ತಾನಾಗಿ ಬಿದ್ದುಹೋಗುತ್ತದೆ. 28 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಿದರಷ್ಟೇ ಅದು ಮತ್ತೆ ಜೀವ ಪಡೆಯುತ್ತದೆ. ಯಾರೂ ನೋಡಿರಲಿಲ್ಲ. ಹೊಸ ಅರ್ಜಿ ಹಾಕಿ, ತಿಳಿನೀಲಿ ಕಾಗದದ ನೋಟಿಸನ್ನು ಬಾಗಿಲಿಗೆ ಅಂಟಿಸಿ, ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಷೇಪಣೆಗೆಂದು ಮತ್ತೆ 28 ದಿನ ಕಾಯಬೇಕಾಯಿತು. ಮಾರಾಟದ ಮಾತು ಶುರುವಾದ ದಿನವೇ ಪರವಾನಗಿ ಯಾರ ಹೆಸರಲ್ಲಿದೆ ನೋಡಿ. ಅಡುಗೆ ಮನೆಯ ನೋಂದಣಿಗೂ ತೆರೆಯುವ 28 ದಿನ ಮೊದಲೇ ಅರ್ಜಿ ಹೋಗಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಒಂದು ತಿಂಗಳು ಉಳಿಯುತ್ತದೆ.

ಹೀಗೆ ಬಂದ ಮಂಗಳವಾರ ಅದು. ನಾವು ತರಿಸಿದ್ದು ಎರಡೇ ಫರ್ಕಿನ್. ಫರ್ಕಿನ್ ಎಂದರೆ 9 ಗ್ಯಾಲನ್ನಿನ ಪೀಪಾಯಿ, ಸುಮಾರು 41 ಲೀಟರ್, ಲೆಕ್ಕಕ್ಕೆ 72 ಪೈಂಟ್. ಮಡ್ಡಿ ಕಳೆದು ಕೈಗೆ ಸಿಗುವುದು ಅದಕ್ಕಿಂತ ಕೆಲವು ಪೈಂಟ್ ಕಡಿಮೆ. ಆರು ತರಿಸೋಣ ಎಂದವರಿದ್ದರು. ಕ್ಯಾಸ್ಕ್ ಏಲ್ ಎಂಬುದು ಪೀಪಾಯಿಯೊಳಗೂ ಯೀಸ್ಟ್ ಜೀವಂತವಿರುವ ಬಿಯರು. ಸುರಿಯತೊಡಗಿದ ಮೇಲೆ ಒಳಗೆ ಗಾಳಿ ನುಗ್ಗುತ್ತದೆ, ಮೂರು ದಿನದಲ್ಲಿ ರುಚಿ ಕೆಡುತ್ತದೆ. ಮೊದಲ ರಾತ್ರಿಯ ಜನಸಂದಣಿ ನೋಡಿ ಹೆಚ್ಚು ತೆರೆದರೆ ಮುಂದಿನ ಬುಧವಾರ ಚರಂಡಿಗೆ ಸುರಿಯಬೇಕಾಗುತ್ತದೆ.

ಪೀಪಾಯಿಗಳನ್ನು ಅಡ್ಡ ಮಲಗಿಸಿ, ಅಲುಗದಂತೆ ಎರಡೂ ಬದಿ ಮರದ ತುಂಡು ಕೊಟ್ಟೆವು. ಬುಧವಾರ ಮೇಲಿನ ಬಿರಡೆಯ ನಡುವೆ ರಂಧ್ರ ತೆರೆದು ಮೆದು ಬೆಣೆ ಬಡಿದೆವು. ಅದು ಗಾಳಿಯಾಡುವ ಮರ, ಒಳಗಿನ ಅನಿಲ ಸುಯ್ಯೆಂದು ಅದರ ಮೂಲಕ ಹೊರಬಂದು ನೊರೆ ಉಕ್ಕುತ್ತದೆ. ನೊರೆ ಒರೆಸುತ್ತಾ, ಬೆಣೆ ಕಟ್ಟಿಕೊಂಡರೆ ಬದಲಿಸುತ್ತಾ ಕಾಯಬೇಕು. ಉಕ್ಕು ಇಳಿದ ಮೇಲೆ ಗಟ್ಟಿ ಬೆಣೆ. ಇದನ್ನು ಮರೆತರೆ ಬಿಯರು ಚಪ್ಪೆ, ಬೇಗ ಹಾಕಿದರೆ ಲೋಟದಲ್ಲಿ ಬರೀ ನೊರೆ. ಪೀಪಾಯಿಗೆ ನಲ್ಲಿಯನ್ನು ಕೊಡತಿಯಿಂದ ಹೊಡೆದು ಕೂರಿಸುವಾಗ ಕೈ ಹಿಂಜರಿಯಬಾರದು. ಅರೆಮನಸ್ಸಿನ ಹೊಡೆತಕ್ಕೆ ಬಿಯರು ಮುಖಕ್ಕೇ ಚಿಮ್ಮುತ್ತದೆ. ತಿಳಿಯಾಗಲು ಬ್ರೂವರಿಯವರು ಹಾಕುವ ಪದಾರ್ಥ ಬಹಳಷ್ಟು ಸಲ ಮೀನಿನ ಗಾಳಿಚೀಲದಿಂದ ಮಾಡಿದ್ದು. ಸಸ್ಯಾಹಾರಿಗಳು ಕೇಳಿ ಕುಡಿಯುವುದು ಒಳ್ಳೆಯದು.

ಗುರುವಾರ ಸಂಜೆ ಒಂದು ಲೋಟ ಹಿಡಿದು ದೀಪಕ್ಕೆ ಎತ್ತಿದಾಗ ಇನ್ನೂ ತುಸು ಮಸುಕು. ಶುಕ್ರವಾರ ಮಧ್ಯಾಹ್ನ ಆಚೆ ಬದಿಯ ಬೆರಳು ಸ್ಪಷ್ಟ ಕಂಡಿತು. ಐದಕ್ಕೆ ಬಾಗಿಲು ತೆರೆಯಿತು, ಹೊರಗೆ ಸಾಲು ಚರ್ಚಿನ ಗೇಟಿನವರೆಗಿತ್ತು. ಮೊದಲ ಪೀಪಾಯಿ ಒಂಬತ್ತರ ಒಳಗೆ ಮುಗಿಯಿತು.

ಭಾನುವಾರ ರಾತ್ರಿ ಎರಡನೆಯದರ ಬೆಣೆ ತೆಗೆದು ಅಳತೆಗೋಲು ಇಳಿಸಿದರೆ ತಳದಲ್ಲಿ ಮಡ್ಡಿ ಮಾತ್ರ. ಸೋಮವಾರ ಬೆಳಿಗ್ಗೆ ಕೈಗವಸು, ಕನ್ನಡಕ ಹಾಕಿ ಬಿಯರಿನ ಪೈಪುಗಳಿಗೆ ನೇರಳೆ ಬಣ್ಣದ ಕ್ಲೀನರ್ ಎಳೆದು ಅರ್ಧ ಗಂಟೆ ನಿಲ್ಲಿಸಿದೆವು, ಹತ್ತು ನಿಮಿಷಕ್ಕೊಮ್ಮೆ ಹೊಸದು ಎಳೆಯುತ್ತಾ. ಕೊಳೆ ಇದ್ದಲ್ಲಿ ನೇರಳೆ ಹಸಿರಾಗುತ್ತದೆ. ಮೊದಲ ಸಲ ಪೂರ್ತಿ ಹಸಿರೇ ಬಂತು, ಮುಚ್ಚಿದ್ದ ಕಾಲದ ಕೊಳೆ. ಮೂರನೇ ಸಲಕ್ಕೆ ನೇರಳೆ ನೇರಳೆಯಾಗಿಯೇ ಉಳಿಯಿತು. ತಣ್ಣೀರು ಹರಿಸಿ, ಜಾರುವಿಕೆ ಹೋಗುವವರೆಗೆ ತೊಳೆದು, ಮಂಗಳವಾರಕ್ಕೆ ಇನ್ನೆರಡು ಫರ್ಕಿನ್ ಹೇಳಿದೆವು.