ಚುಕ್ಕಿ ಎಲ್ಲಿ?
ಹನ್ನೆರಡು ವರ್ಷ ಲೇತ್ (ಲೋಹವನ್ನು ತಿರುಗಿಸಿ ಕತ್ತರಿಸುವ ಯಂತ್ರ) ಮೇಲೆ ಪಳಗಿದ ಕೈ ನನ್ನದು. ಈಗ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಮಿನಿಂದ ನಡೆಯುವ ಯಂತ್ರದ ತರಬೇತಿಗೆ ಸೇರಿದ್ದೇನೆ. ಇವತ್ತು ಪ್ರೋಗ್ರಾಮಿನಲ್ಲಿ ಟೂಲ್ ಎಲ್ಲಿಗೆ ಹೋಗಬೇಕು ಅನ್ನೋದಕ್ಕೆ ‘ಎಕ್ಸ್10’ ಅಂತ ಬರೆದು ಮುಂದೆ ಹೋಗಿದ್ದೆ. ಮೇಷ್ಟ್ರು ಪರದೆ ಮೇಲೆ ಬೆರಳಿಟ್ಟು, “ಚುಕ್ಕಿ ಎಲ್ಲಿ?” ಅಂದರು. ಯಂತ್ರ ನಡೆಸುವ ಕೆಲವು ಕಂಟ್ರೋಲರ್‌ಗಳಲ್ಲಿ 10ರ ಮುಂದಿನ ಆ ದಶಮಾಂಶ ಚುಕ್ಕಿ ಬಿಟ್ಟರೆ 10 ಮಿಲಿಮೀಟರ್ ಹೋಗಿ 10 ಮೈಕ್ರಾನ್ ಆಗುತ್ತದೆ. ಸಾವಿರ ಪಟ್ಟು ವ್ಯತ್ಯಾಸ! ಟೂಲ್ ನೇರ ಜಾಬ್‌ಗೇ (ಕತ್ತರಿಸಬೇಕಾದ ಲೋಹದ ತುಂಡಿಗೇ) ನುಗ್ಗುತ್ತಿತ್ತು.

ಚುಕ್ಕಿ ಇಟ್ಟು, ಜಾಬ್ ತೆಗೆದು, ಸಿಂಗಲ್ ಬ್ಲಾಕ್‌ನಲ್ಲಿ ಒಂದೊಂದೇ ಸಾಲು ಓಡಿಸಿ ನೋಡಿದೆವು.

ಹಳೇ ಲೇತ್‌ನಲ್ಲಿ ಟೂಲ್ ಜಾಸ್ತಿ ಕಚ್ಚಿದರೆ ಹ್ಯಾಂಡಲ್ ಹಿಡಿದ ಕೈಗೇ ಗೊತ್ತಾಗುತ್ತಿತ್ತು. ಇಲ್ಲಿ ಬಾಗಿಲು ಮುಚ್ಚುವ ಮೊದಲೇ ಇಡೀ ಕೆಲಸ ತಲೆಯಲ್ಲಿ ಒಮ್ಮೆ ನಡೆದಿರಬೇಕು. ಅದು ನನಗೆ ತುಂಬಾ ಹಿಡಿಸಿತು. ಆದರೂ ಮೊದಲ ಪೀಸ್ ಕಟ್ ಆಗುವಾಗ ಕಿವಿ ಮಾತ್ರ ಸದ್ದಿನ ಕಡೆಗೇ ಇತ್ತು. ಅಷ್ಟು ವರ್ಷದ ಅಭ್ಯಾಸ ಸುಮ್ನೆ ಬಿಡುತ್ತಾ, ಅಲ್ವಾ?