ಒಂಟೆ ಬಿಡಿ, ಬೇಲಿಯ ಕಳ್ಳಿ ತೋರಿಸಿ

ಜೀವಿಗಳ ಹೊಂದಾಣಿಕೆಯ ಪಾಠ ಅಂದರೆ ಮೊದಲು ಒಂಟೆ, ಆಮೇಲೆ ಹಿಮಕರಡಿ. ಚಿತ್ರದುರ್ಗದ ಮಕ್ಕಳು ಎರಡನ್ನೂ ಚಿತ್ರದಲ್ಲೇ ನೋಡಬೇಕು. (ಒಂಟೆಯ ಡುಬ್ಬದಲ್ಲಿ ನೀರಿದೆ ಎಂದು ಹೇಳಿಕೊಡುವವರು ಈಗಲೂ ಇದ್ದಾರೆ. ಅಲ್ಲಿರುವುದು ಕೊಬ್ಬು.) ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ನೆಲದಲ್ಲಿ ಪಾಠಕ್ಕೆ ಬೇಕಾದದ್ದೆಲ್ಲ ಹೊಲದ ಬದುವಿನಲ್ಲೇ ಇದೆ.

ಪಾಪಾಸುಕಳ್ಳಿಯಿಂದ ಶುರುಮಾಡಿ. ಅಂಗೈಯಂತೆ ಚಪ್ಪಟೆಯಾಗಿ ಕಾಣುವುದು ಎಲೆಯಲ್ಲ, ಕಾಂಡ. ಆಹಾರ ತಯಾರಿಸುವುದೂ ನೀರು ಕೂಡಿಡುವುದೂ ಅದೇ. ಎಲೆಗಳು ಮುಳ್ಳಾಗಿವೆ. ಅಗಲ ಎಲೆ ಇದ್ದಷ್ಟೂ ನೀರು ಆವಿಯಾಗುವ ಮೈ ಹೆಚ್ಚು.

ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದು ಸುಲಭ. ಹಳೇ ಪಂಚೆಯಿಂದ 20 ಸೆಂ.ಮೀ. ಚೌಕದ ಮೂರು ತುಂಡು ಕತ್ತರಿಸಿ. ಸಿರಪ್ ಬಾಟಲಿಯ ಮುಚ್ಚಳದಲ್ಲಿ ಅಳೆದು ಪ್ರತಿ ತುಂಡಿಗೂ 10 ಮಿ.ಲೀ. ನೀರು ಹಾಕಿ. ಒಂದನ್ನು ಹರಡಿ, ಇನ್ನೊಂದನ್ನು ಬಿಗಿಯಾಗಿ ಸುರುಳಿ ಸುತ್ತಿ, ಮೂರನೆಯದನ್ನು ಸುತ್ತಿ ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ಎರಡೂ ತುದಿ ಕಟ್ಟಿ. ಮೂರನ್ನೂ ಒಂದೇ ಬಿಸಿಲಿಗಿಡಿ. ಹರಡಿದ್ದು ಮೊದಲು ಒಣಗುತ್ತದೆ, ಸುರುಳಿಯ ಒಳಪದರ ಹಸಿ ಇರುತ್ತದೆ, ಪ್ಲಾಸ್ಟಿಕ್ಕಿನೊಳಗಿನದು ಹಾಗೇ ಇರುತ್ತದೆ. ಸುರುಳಿ ಅಂದರೆ ದಪ್ಪ ಕಾಂಡ, ಪ್ಲಾಸ್ಟಿಕ್ ಅಂದರೆ ಕಳ್ಳಿಯ ಮೇಲಿನ ಮೇಣದ ಪದರ. ಬಕೆಟ್ಟಿನಲ್ಲಿ ಅದ್ದಿ ಹಿಂಡಿದರೆ ಪ್ರಯೋಗ ಕೆಡುತ್ತದೆ, ಮೂರು ಮಕ್ಕಳು ಒಂದೇ ಸಮ ಹಿಂಡುವುದಿಲ್ಲ. ದುರ್ಗದ ಗಾಳಿಗೆ ಹರಡಿದ ಬಟ್ಟೆ ಹಾರಿಹೋಗುತ್ತದೆ, ನಾಲ್ಕು ಮೂಲೆಗೂ ಸಣ್ಣ ಕಲ್ಲಿಡಿ.

ಮುಂದಿನದು ಪ್ಲಾಸ್ಟಿಕ್ ಕವರಿನ ಪ್ರಯೋಗ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಬೇವಿನ ಒಂದು ಟೊಂಗೆಗೂ ಲೋಳೆಸರದ ಒಂದು ಎಲೆಗೂ ಒಂದೇ ಅಳತೆಯ ಕವರು ಕಟ್ಟಿ. ಮಧ್ಯಾಹ್ನದ ಹೊತ್ತಿಗೆ ಬೇವಿನ ಕವರಿನೊಳಗೆ ಹನಿ ಕಟ್ಟಿರುತ್ತದೆ, ಲೋಳೆಸರದ್ದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಪಾಪಾಸುಕಳ್ಳಿಗೆ ಕಟ್ಟಬೇಡಿ, ಮುಳ್ಳು ಕವರನ್ನು ತೂತು ಮಾಡುತ್ತದೆ. ಲೋಳೆಸರವೂ ಕಳ್ಳಿಯೂ ಪತ್ರರಂಧ್ರಗಳನ್ನು (ಗಾಳಿ, ನೀರಾವಿ ಓಡಾಡುವ ಮೈಮೇಲಿನ ಸಣ್ಣ ತೂತುಗಳನ್ನು) ತೆರೆಯುವುದು ಹೆಚ್ಚಾಗಿ ರಾತ್ರಿ. ಆಗ ಒಳಗೆಳೆದುಕೊಂಡ ಇಂಗಾಲದ ಡೈಆಕ್ಸೈಡ್ ಮ್ಯಾಲಿಕ್ ಆಮ್ಲವಾಗಿ ಉಳಿದು ಹಗಲಲ್ಲಿ ಬಳಕೆಯಾಗುತ್ತದೆ. ಹಾಗಾಗಿ ಕಳ್ಳಿಯ ರಸ ಸಂಜೆಗಿಂತ ಬೆಳಿಗ್ಗೆ ಹೆಚ್ಚು ಹುಳಿ. ನಾಲಿಗೆಯಲ್ಲಿ ಪರೀಕ್ಷಿಸಲು ಬಿಡಬೇಡಿ, ಹುಳಿ ಎಷ್ಟೆಂದು ಬಣ್ಣದಲ್ಲಿ ತೋರಿಸುವ ಪಿಎಚ್ ಕಾಗದ ಸಾಕು.

ಎಡವುವುದು ಇನ್ನೊಂದು ಕಡೆ: ‘ನೀರು ಉಳಿಸಲೆಂದು ಗಿಡ ಎಲೆಯನ್ನು ಮುಳ್ಳು ಮಾಡಿಕೊಂಡಿತು’ ಎನ್ನುವ ಮಾತು. ಯಾವ ಗಿಡವೂ ಹಾಗೆ ತೀರ್ಮಾನ ಮಾಡುವುದಿಲ್ಲ. ಒಂದೇ ಬಗೆಯ ಗಿಡಗಳಲ್ಲೂ ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ. ಬರದಲ್ಲಿ ಬದುಕುಳಿದವು ಬೀಜ ಬಿಟ್ಟವು, ಹೀಗೆ ಸಾವಿರಾರು ತಲೆಮಾರು. ಅದೂ ನಡೆದದ್ದು ಇಲ್ಲಲ್ಲ. ಪಾಪಾಸುಕಳ್ಳಿ ಅಮೆರಿಕ ಖಂಡದ ಗಿಡ. ಅಲ್ಲಿನ ಒಣನೆಲದಲ್ಲಿ ರೂಪುಗೊಂಡ ಮೈ ನಮ್ಮ ಬಯಲಿಗೂ ಒಗ್ಗಿತು, ಅಷ್ಟೇ. ಮುರಿದರೆ ಬಿಳಿ ಹಾಲು ಒಸರುವ ಕಳ್ಳಿಗಳು ಬೇರೆಯೇ ಕುಟುಂಬದವು. ದಪ್ಪ ಹಸಿರು ಕಾಂಡ ಎರಡಕ್ಕೂ ಬೇರೆಬೇರೆಯಾಗಿಯೇ ಬಂತು. ಆ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಮುರಿಯುವ ಕೆಲಸ ಮಕ್ಕಳ ಕೈಗೆ ಕೊಡಬೇಡಿ.

ಪ್ರಾಣಿಗಳ ಉದಾಹರಣೆ ಕೇಳಿದರೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ಎಂಬ ಜಿಂಕೆಯಂಥ ಸಣ್ಣ ಪ್ರಾಣಿ ಇದೆ, ಗಂಡಿಗೆ ನಾಲ್ಕು ಕೊಂಬು. ಆದರೆ ನನ್ನ ಆಯ್ಕೆ ನಮ್ಮ ಕಾಡಿನ ಕರಡಿ. ಉದ್ದ ಉಗುರಿನಿಂದ ಹುತ್ತ ಬಗೆಯುತ್ತದೆ, ಉಫ್ ಎಂದು ಮಣ್ಣು ಊದುತ್ತದೆ, ಆಮೇಲೆ ಗೆದ್ದಲನ್ನು ಹೀರುತ್ತದೆ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲು ಇಲ್ಲದ್ದರಿಂದ ಹೀರಲು ಕಿಂಡಿ ಸಿಗುತ್ತದೆ, ಮೂಗಿನ ಹೊಳ್ಳೆ ಮುಚ್ಚಿಕೊಳ್ಳುವುದರಿಂದ ಗೆದ್ದಲು ಒಳಗೆ ನುಗ್ಗುವುದಿಲ್ಲ. ಮಕ್ಕಳ ಕೈಗೊಂದು ಸ್ಟ್ರಾ, ತಟ್ಟೆಗೊಂದು ಹಿಡಿ ಮಂಡಕ್ಕಿ ಕೊಡಿ. ಒಂದೇ ಒಂದು ಎಚ್ಚರಿಕೆ: ಸ್ಟ್ರಾ ಮಂಡಕ್ಕಿ ಕಾಳಿಗಿಂತ ಸಪೂರವಾಗಿರಲಿ, ಕಾಳು ತುದಿಗೆ ಅಂಟಿ ಮೇಲೇಳಬೇಕೇ ಹೊರತು ಗಂಟಲಿಗೆ ಹೋಗಬಾರದು.