ಗಂಡುಮಕ್ಕಳಿಗೆ ಪಾಠ ಮಾಡೋದು ಕಷ್ಟವೋ, ಹೆಣ್ಣುಮಕ್ಕಳಿಗೋ?

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ ಅಂದರೆ ಸಾಕು, ಮದುವೆಮನೆಯಲ್ಲಾಗಲಿ ಬಸ್ಸಿನಲ್ಲಾಗಲಿ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರ ಬಳಿ ಉತ್ತರವೂ ತಯಾರಿರುತ್ತದೆ: "ಗಂಡುಮಕ್ಕಳು ತಲೆಹರಟೆ, ಆದ್ರೆ ಲೆಕ್ಕದಲ್ಲಿ ಚುರುಕು. ಹೆಣ್ಣುಮಕ್ಕಳು ಹೇಳಿದ ಮಾತು ಕೇಳ್ತಾರೆ, ಆದ್ರೆ ಉರು ಹೊಡೀತಾರೆ. ಅಲ್ವಾ ಮೇಡಂ?"

ಅಲ್ಲ. ಮನೋವಿಜ್ಞಾನಿ ಜಾನೆಟ್ ಹೈಡ್ 2005ರಲ್ಲೇ ಅಲ್ಲಿಯವರೆಗಿನ ಎಷ್ಟೋ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಗಣಿತವೂ ಸೇರಿದಂತೆ ಬಹುಪಾಲು ವಿಷಯಗಳಲ್ಲಿ ಗಂಡು ಹೆಣ್ಣಿನ ಅಂತರ ತೀರಾ ಸಣ್ಣದು, ಇಲ್ಲವೇ ಇಲ್ಲವೆನ್ನುವಷ್ಟು ಎಂದು ತೋರಿಸಿಕೊಟ್ಟಿದ್ದಾರೆ. ನನ್ನ ತರಗತಿಯಲ್ಲಿ ಕಂಡಿರುವುದೂ ಅದೇ. ಆದರೆ ಒಂದು ವ್ಯತ್ಯಾಸ ಮಾತ್ರ ಖಂಡಿತ ಇದೆ. ಹುಡುಗಿ ತನಗೆ ಗೊತ್ತಿರುವುದನ್ನು ಮುಚ್ಚಿಡುತ್ತಾಳೆ. ಹುಡುಗ ತನಗೆ ಗೊತ್ತಿಲ್ಲದ್ದನ್ನು ಮುಚ್ಚಿಡುತ್ತಾನೆ.

ಎಂಟನೇ ತರಗತಿಯಲ್ಲಿ ಅಪವರ್ತಿಸುವ ಪಾಠ ನಡೆದಿತ್ತು. "ಕೂಡಿದರೆ 7, ಗುಣಿಸಿದರೆ 12. ಯಾವ ಎರಡು ಸಂಖ್ಯೆ?" ಅಂದೆ. "ಆರು ಒಂದು ಮಿಸ್!" "ಐದು ಎರಡು!" ಹುಡುಗರ ಸಾಲಿನಿಂದ ಒಂದರ ಹಿಂದೊಂದು ತಪ್ಪು ಉತ್ತರ, ಯಾರಿಗೂ ಅಳುಕಿಲ್ಲ. ಮೂರನೇ ಬೆಂಚಿನ ಹುಡುಗಿಯೊಬ್ಬಳು ರಫ್ ನೋಟಿನ ಮೂಲೆಯಲ್ಲಿ ಪೆನ್ಸಿಲಿನಿಂದ 3, 4 ಎಂದು ಬರೆದು, ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು. ನೀನು ಹೇಳಮ್ಮ ಅಂದರೆ ಎದ್ದು ನಿಂತು "ಗೊತ್ತಿಲ್ಲ ಮಿಸ್" ಅಂದಳು. ಬೆಲ್ಲಾದ ಮೇಲೆ ಕರೆದು ಕೇಳಿದ್ದಕ್ಕೆ, "ತಪ್ಪಾದ್ರೆ ನಗ್ತಾರೆ" ಎಂದಳು. ಅಂಗೈಗೆ ಪೆನ್ಸಿಲಿನ ಕಪ್ಪು ಅಂಟಿತ್ತು.

ಆಮೇಲಿನ ವಾರ, ಯಾರು ಉತ್ತರ ಹೇಳುತ್ತಾರೆಂದು ಪಾಠದ ಡೈರಿಯ ಕೊನೇ ಪುಟದಲ್ಲಿ ಗೆರೆ ಎಳೆಯುತ್ತಾ ಹೋದೆ. ಒಂದೇ ಪೀರಿಯಡ್ಡಿನಲ್ಲಿ ಹುಡುಗರ ಕಡೆ ಐದೈದರ ಎರಡು ಕಟ್ಟು ತುಂಬಿದ್ದವು. ಹುಡುಗಿಯರ ಕಡೆ ಒಂದೂ ತುಂಬಿರಲಿಲ್ಲ. ಕೂಗಿದವರ ಕಡೆಗೇ ತಿರುಗುತ್ತಿದ್ದವಳು ನಾನು. ಈಗ ಪ್ರಶ್ನೆ ಕೇಳಿ ಒಂದು ನಿಮಿಷ ಯಾರಿಗೂ ಮಾತಾಡಲು ಬಿಡುವುದಿಲ್ಲ. ಎಲ್ಲರೂ ಬರೆಯಬೇಕು, ಪಕ್ಕದವರಿಗೆ ತೋರಿಸಬೇಕು, ಆಮೇಲೆ ನಾನು ಹೆಸರು ಹಿಡಿದು ಕರೆಯುತ್ತೇನೆ. ಇಷ್ಟಕ್ಕೇ ಹುಡುಗಿಯರ ಕಡೆಯ ಗೆರೆಗಳು ಹೆಚ್ಚಿದವು.

ಹುಡುಗರ ವಿಷಯದಲ್ಲಿ ನನಗೆ ಆತಂಕವೇ ಜಾಸ್ತಿ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮರುದಿನ ಪತ್ರಿಕೆಗಳಲ್ಲಿ "ಬಾಲಕಿಯರದೇ ಮೇಲುಗೈ" ಎಂಬ ಸಾಲು ಇದ್ದೇ ಇರುತ್ತದೆ. 2024ರಲ್ಲಿ ಬಾಲಕಿಯರು ಶೇ. 81.11, ಬಾಲಕರು ಶೇ. 65.90. ಅಂದರೆ ಪರೀಕ್ಷೆಗೆ ಕೂತ ಮೂವರು ಹುಡುಗರಲ್ಲಿ ಹೆಚ್ಚುಕಡಿಮೆ ಒಬ್ಬ ಫೇಲು. ಹುಡುಗಿಯರನ್ನು ಹೊಗಳಿ ಪತ್ರಿಕೆ ಮಡಚಿಡುತ್ತೇವೆ. ಆ ಹುಡುಗರು ಯಾರು, ಎಲ್ಲಿಗೆ ಹೋದರು ಎಂದು ಕೇಳುವವರಿಲ್ಲ.

ಒಂಬತ್ತನೇ ತರಗತಿಯಲ್ಲೊಬ್ಬನಿದ್ದ. ವಾಕ್ಯರೂಪದ ಲೆಕ್ಕ ಓದು ಅಂದಾಗಲೆಲ್ಲ ಅವನ ಜಾಮಿಟ್ರಿ ಬಾಕ್ಸು ದಡಾರನೆ ಕೆಳಗೆ ಬೀಳುತ್ತಿತ್ತು. ತರಗತಿಯೆಲ್ಲ ನಗುತ್ತಿತ್ತು, ನಾನು ಬೈದು ಹೊರಗೆ ನಿಲ್ಲಿಸುತ್ತಿದ್ದೆ. ಅವನಿಗೂ ಬೇಕಾಗಿದ್ದದ್ದು ಅದೇ. ನಮ್ಮದು ಅಡಿಕೆ ಸೀಮೆ. ಕೊಯ್ಲಿನ ದಿನಗಳಲ್ಲಿ ಚೇಣಿಯವರ, ಅಂದರೆ ತೋಟದ ಫಸಲು ಗುತ್ತಿಗೆ ಹಿಡಿದವರ, ಜೊತೆ ಮರ ಹತ್ತಲು ಹೋಗಿ ವಾರಗಟ್ಟಲೆ ಗೈರಾಗುತ್ತಿದ್ದ. ಒಂದು ದಿನ ಒಬ್ಬನೇ ಸಿಕ್ಕಾಗ ಅದೇ ಲೆಕ್ಕವನ್ನು ನಾನೇ ಓದಿ ಹೇಳಿದೆ. ಪೆನ್ನು ಮುಟ್ಟದೆ ಬಾಯಲ್ಲೇ ಉತ್ತರ ಕೊಟ್ಟ! ಅವನಿಗೆ ಬಾರದಿದ್ದದ್ದು ಲೆಕ್ಕವಲ್ಲ, ಓದು. ಒತ್ತಕ್ಷರ ಬಂದರೆ ನಿಂತುಬಿಡುತ್ತಿದ್ದ. ತುಂಟ ಅನ್ನಿಸಿಕೊಳ್ಳಬಹುದು, ಓದಲು ಬಾರದವನು ಅನ್ನಿಸಿಕೊಳ್ಳಬಾರದು. ಹದಿನಾಲ್ಕರ ಹುಡುಗನ ಲೆಕ್ಕಾಚಾರ ಇದು. ಎರಡು ತಿಂಗಳು ನನಗೆ ಇದು ಹೊಳೆಯಲಿಲ್ಲ ಎನ್ನುವುದು ಇವತ್ತಿಗೂ ಸಂಕಟ. ಬೆಳಗಿನ ಪ್ರಾರ್ಥನೆಗೆ ಮುಂಚೆ ಕಾಲು ಗಂಟೆ ಅವನನ್ನು ಕೂರಿಸಿಕೊಂಡು ಓದಿಸಲು ಶುರುಮಾಡಿದೆ. ಅವನ ಹಿಂದೆ ಇನ್ನೂ ನಾಲ್ವರು ಬಂದರು, ನಾಲ್ವರೂ ಹುಡುಗರೇ.

ಅದೇ ಅಡಿಕೆ ಕಾಲದಲ್ಲಿ ಹುಡುಗಿಯರು ಗೈರಾಗುವುದು ಕಡಿಮೆ. ರಾತ್ರಿಯೆಲ್ಲ ಅಮ್ಮನ ಜೊತೆ ಅಡಿಕೆ ಸುಲಿದು, ಕಂದು ಹಿಡಿದ ಬೆರಳುಗಳಲ್ಲಿ ಪೆನ್ನು ಹಿಡಿದು ಬಂದು ಕೂರುತ್ತಾರೆ, ಕೂತಲ್ಲೇ ತೂಕಡಿಸುತ್ತಾರೆ. ಅದನ್ನೇ ನಾವು "ಸೌಮ್ಯ ಸ್ವಭಾವ" ಅನ್ನುತ್ತೇವೆ. ಇನ್ನು ಶಾಲೆಯೊಳಗೆ ಕಸ ಗುಡಿಸಲು ಹುಡುಗಿಯರು, ಬೆಂಚು ಹೊರಲು ಹುಡುಗರು ಎಂದು ಹಂಚುವವರು ನಾವೇ. ನನ್ನ ತರಗತಿಯಲ್ಲಿ ಅದಕ್ಕೆ ಈಗ ವಾರದ ಪಾಳಿ ಇದೆ.

ಈ ಪ್ರಶ್ನೆಯನ್ನು ಮೊನ್ನೆ ಕೇಳಿದವರು ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ. ಮಗಳಿಗೆ ಗಣಿತದಲ್ಲಿ ಒಳ್ಳೆಯ ಅಂಕ ಬಂದಿದೆ, ಸೈನ್ಸ್ ತೆಗೆದುಕೊಳ್ಳುವ ಆಸೆ. ಊರ ಪಕ್ಕದ ಪಿಯು ಕಾಲೇಜಿನಲ್ಲಿ ಇರುವುದು ಆರ್ಟ್ಸ್ ಮಾತ್ರ. ಅಣ್ಣನನ್ನು ತಾಲ್ಲೂಕಿಗೆ ಕಳಿಸಿದ್ದರು. "ಶಕ್ತಿ ಯೋಜನೆ ಬಂದ್ಮೇಲೆ ಇವಳಿಗೆ ಬಸ್ಸೇನೋ ಫ್ರೀನೇ ಮಿಸ್, ಸಂಜೆ ಕತ್ತಲಾಗ್ತದಲ್ಲ" ಅಂದರು. ಅದು ಸುಳ್ಳು ಭಯವೇನಲ್ಲ. ನಾನು ಡೈರಿಯಿಂದ ಒಂದು ಹಾಳೆ ಹರಿದು, ಕಾಲೇಜು ಬಿಟ್ಟ ಮೇಲೆ ನಮ್ಮ ಕಡೆ ಬರುವ ಮೂರು ಬಸ್ಸುಗಳ ಸಮಯ ಬರೆದುಕೊಟ್ಟೆ. ಅದೇ ದಾರಿಯಲ್ಲಿ ಓಡಾಡುವ ನನ್ನ ಹಳೆಯ ವಿದ್ಯಾರ್ಥಿನಿಯರಿಬ್ಬರ ಹೆಸರನ್ನೂ ಕೆಳಗೆ ಬರೆದೆ. ಅವರು ಹಾಳೆಯನ್ನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡರು. ಅಡ್ಮಿಷನ್ನಿಗೆ ಇನ್ನೂ ಹತ್ತು ದಿನ ಇದೆ.